ಚಿಕ್ಕವರ ಚಾಪೆ

ವಾರವೆಲ್ಲ ಸರ್ಕಾರಿ ಶಾಲೆಯಲ್ಲಿ ಗಂಟಲು ಹರಿದುಕೊಳ್ಳುವ ನನಗೆ ಭಾನುವಾರವೂ ಬಿಡುವಿಲ್ಲ. ಊರಿನವರು ಕೋಳಿ ಸಾರಿಗೆ ಮಸಾಲೆ ಅರೆಯುವ ಹೊತ್ತಿಗೆ ನಾನು ಕುಶಾಲನಗರದಾಚೆಯ ನಮ್ಮೂರಿನ ದೇವಸ್ಥಾನದ ಹಾಲ್‌ನಲ್ಲಿ ಚಾಪೆ ಹಾಸುತ್ತಿರುತ್ತೇನೆ. ಬಾಗಿಲ ಬಳಿಯದು ಚಿಕ್ಕವರದು, ಕಿಟಕಿ ಕಡೆಯದು ದೊಡ್ಡವರದು. ಭಾನುವಾರದ ಪಾಠ ಅಂದರೆ ಶ್ಲೋಕ, ಕಥೆ, ಒಂದಿಷ್ಟು ಒಳ್ಳೆ ಬುದ್ಧಿ. ಹಾಗಂತ ಕಮಿಟಿಯವರು ಹೇಳುತ್ತಾರೆ, ಹೇಳಿ ಮನೆಗೆ ಹೋಗುತ್ತಾರೆ.

ಮೊದಲು ಚಿಕ್ಕವರನ್ನು ಸಂಹಿತಾ ನೋಡಿಕೊಳ್ಳುತ್ತಿದ್ದಳು. ಅವಳು ಮದುವೆಯಾಗಿ ಗೋಣಿಕೊಪ್ಪಲಿಗೆ ಹೋದ ಮೇಲೆ ಎರಡೂ ಚಾಪೆ ನನ್ನ ತಲೆಗೇ ಬಂತು. ಚಿಕ್ಕವರಿಗೆ ಕಥೆ ಹೇಳಿದರೆ ಹೈಸ್ಕೂಲಿನವರು ಆಕಳಿಸುತ್ತಾರೆ. ಹೈಸ್ಕೂಲಿನವರಿಗೆ ಗೀತೆಯ ಅರ್ಥ ಬಿಡಿಸಲು ಹೊರಟರೆ ಈ ಕಡೆ ಚಿನ್ನಿ ಯಾರದೋ ಕಿವಿಗೆ ಕ್ರೇಯಾನ್ ತುರುಕಿರುತ್ತಾಳೆ. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವ ಕೆಲಸ. ಮಂಡಿ ನೋವು ಬೇರೆ. ಬಿಟ್ಟುಬಿಡುತ್ತೇನೆ ಎಂದು ಪ್ರತಿ ಶನಿವಾರ ಗಂಡನಿಗೆ ಹೇಳುತ್ತೇನೆ, ಅವರು ಪೇಪರ್‌ನಿಂದ ತಲೆ ಎತ್ತುವುದೂ ಇಲ್ಲ.

ಈ ವರ್ಷ ನನ್ನನ್ನು ನಿಜಕ್ಕೂ ಹಣ್ಣು ಮಾಡಿದ್ದು ಗಲಾಟೆಯಲ್ಲ, ಒಂದು ಗುಟ್ಟು. ಜೂನ್ ತಿಂಗಳಲ್ಲಿ ಶಶಿಕುಮಾರ್ ಬೆಳಗಿನ ಜಾವ ಡೈರಿಗೆ ಹಾಲು ಹಾಕಲು ಹೋಗುವಾಗ ತೋಟದ ತಿರುವಿನಲ್ಲಿ ಆನೆಗೆ ಸಿಕ್ಕಿ ಸತ್ತ. ಅವನ ಮಗಳು ರಂಜಿತಾ ದೊಡ್ಡವರ ಚಾಪೆ, ಮಗ ಲೋಹಿತ್ ಚಿಕ್ಕವರ ಚಾಪೆ. ರಂಜಿತಾಗೆ ಎಲ್ಲ ಗೊತ್ತು. ಲೋಹಿತ್‌ಗೆ ಮಾತ್ರ, ಅಪ್ಪ ಕರಿಕೆ ಕಡೆ ತೋಟದ ಕೆಲಸಕ್ಕೆ ಹೋಗಿದ್ದಾನೆ ಎಂದು ಅಜ್ಜಿ ಕಾಳಮ್ಮ ಹೇಳಿಟ್ಟಿದ್ದಾಳೆ. ಕಾರ್ಯಗಳೆಲ್ಲ ಮುಗಿಯುವವರೆಗೆ ಹುಡುಗನನ್ನು ಕೊಡ್ಲಿಪೇಟೆಯ ನೆಂಟರ ಮನೆಯಲ್ಲಿ ಇಟ್ಟಿದ್ದರು.

ಮತ್ತೆ ಪಾಠಕ್ಕೆ ಬಂದ ದಿನ ರಂಜಿತಾ ನನ್ನನ್ನು ನಲ್ಲಿಯ ಹತ್ತಿರ ಕರೆದಳು.

"ಟೀಚರ್, ಇಲ್ಲಿ ಗಣಪತಿ ವಿಷ್ಯ ಎತ್ಬೇಡಿ. ಊರಲ್ಲಿ ಎಲ್ರೂ ಗಣಪ ತುಳ್ದ, ಗಣಪ ತುಳ್ದ ಅಂತಾರೆ. ಒಂದ್ ಮಾತು ಬಂದ್ರೆ ಯಾರಾದ್ರೂ ಬಾಯ್ಬಿಡ್ತಾರೆ. ಅವನಿನ್ನೂ ಚಿಕ್ಕೋನು."

ಅವಳು ಹೇಳಿದ್ದು ನಿಜ. ನಮ್ಮ ಕಡೆ ಆನೆಯನ್ನು ಆನೆ ಎನ್ನುವವರು ಕಡಿಮೆ. ಬಾಳೆ ಮುರಿದರೂ ಗಣಪ, ಬೇಲಿ ಕಿತ್ತರೂ ಗಣಪ, ಮನುಷ್ಯನನ್ನು ತುಳಿದರೂ ಗಣಪನೇ. ಹಾಗಾಗಿ ನಾನು ಪ್ರಾರ್ಥನೆಯನ್ನು ಸರಸ್ವತಿಯಿಂದ ಶುರು ಮಾಡಿದೆ. ಬಣ್ಣ ಹಚ್ಚುವ ಪುಸ್ತಕದಲ್ಲಿ ಆನೆಯಿದ್ದ ಹಾಳೆಗಳನ್ನು ಕಿತ್ತು ಒಲೆಗೆ ಹಾಕಿದೆ. ದೊಡ್ಡವರು ಗಜೇಂದ್ರಮೋಕ್ಷ ಕೇಳಿದರೆ ಮುಂದಿನ ವಾರ ಎಂದೆ. ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಮಳೆಗಾಲ ತಳ್ಳಿದೆ.

ಚೌತಿ ಹತ್ತಿರ ಬಂದಾಗ ಅರ್ಚಕರಾದ ಅನಂತಕೃಷ್ಣ ಭಟ್ಟರು ಪಾಠದ ನಡುವೆಯೇ ಬಂದು ನನ್ನನ್ನು ಹಿಡಿದುಕೊಂಡರು.

"ಟೀಚರೇ, ವಿಘ್ನೇಶ್ವರನ್ನ ಬಿಟ್ಟು ಪಾಠ ಶುರು ಮಾಡ್ತೀರಂತೆ. ಇದೆಲ್ಲಿಯ ಸಂಪ್ರದಾಯ?"

"ಮುಂದಿನ ವಾರದಿಂದ ಮಾಡಿಸ್ತೀನಿ ಭಟ್ರೇ," ಎಂದು ಜಾರಿಕೊಳ್ಳಲು ನೋಡಿದೆ. ಶಶಿಕುಮಾರ್ ಸತ್ತದ್ದು ಅವರಿಗೆ ಗೊತ್ತು, ಹುಡುಗನಿಗೆ ಅದು ಗೊತ್ತಿಲ್ಲ ಎಂಬುದು ಗೊತ್ತಿಲ್ಲ. ಮಕ್ಕಳ ಎದುರು ಏನಂತ ಹೇಳಲಿ?

"ನಿಮಗೂ ಸುಸ್ತು, ಪಾಪ. ಇವತ್ತು ನಾನೇ ಹೇಳ್ತೀನಿ ಬಿಡಿ," ಎಂದು ಅವರು ಎರಡೂ ಚಾಪೆಯ ನಡುವೆ ಕೂತೇಬಿಟ್ಟರು.

ಗಣಪತಿ ಹುಟ್ಟಿದ ಕಥೆಯನ್ನು ಚೆನ್ನಾಗಿಯೇ ಹೇಳಿದರು. ಚಿಕ್ಕವರು ಬಾಯಿ ಬಿಟ್ಟುಕೊಂಡು ಕೇಳಿದರು. ಕಥೆ ಮುಗಿಯುತ್ತಲೂ ದೊಡ್ಡವರ ಕಡೆಯಿಂದ ದೇವರಾಜು ಕೈ ಎತ್ತಿದ. ಸುಮ್ಮನೆ ಕೇಳಬೇಡಿ, ಪ್ರಶ್ನೆ ಹಾಕಿ ಎಂದು ಅವರಿಗೆ ಕಲಿಸಿದ ಪುಣ್ಯಾತ್ಗಿತ್ತಿ ನಾನೇ.

"ಭಟ್ರೇ, ಗಣಪ ದೇವ್ರಾದ್ರೆ ರಂಜಿತಾ ಅವ್ರಪ್ಪನ್ನ ಯಾಕೆ ತುಳ್ದು ಸಾಯಿಸ್ದ?"

ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ. ಅವನ ವಯಸ್ಸಿಗೆ ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಅದೇ ಹಾಲ್‌ನಲ್ಲಿ ಐದು ವರ್ಷದವನೂ ಕೂತಿದ್ದ.

ಲೋಹಿತ್ ಎದ್ದು ಅಕ್ಕನ ಹತ್ತಿರ ಹೋಗಲಿಲ್ಲ. ನನ್ನ ಬಳಿ ಬಂದು ಸೆರಗು ಎಳೆದ.

"ಟೀಚರ್, ನಮ್ಮಪ್ಪ ಕರಿಕೇಲಿ ಅವ್ನಲ್ವಾ?"

ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ರಂಜಿತಾ ಕಡೆ ನೋಡಿದೆ. ಅವಳು ಚಾಪೆಯ ಅಂಚಿನ ಕಡ್ಡಿ ಕೀಳುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಇನ್ನೊಂದು ಸುಳ್ಳು ಹೇಳಿದರೆ ಮನೆಗೆ ಹೋಗಿ ಅದನ್ನೂ ಕಾಯಬೇಕಾದವಳು ಅವಳೇ. ಹದಿಮೂರು ವರ್ಷದ ಕೂಸು, ಅಯ್ಯೋ ಅನ್ನಿಸಿತು. ಮಂಡಿ ಬೇಡವೆಂದರೂ ನೆಲಕ್ಕೆ ಕೂತೆ.

"ಇಲ್ಲ ಮಗ. ಅಪ್ಪ ತೀರ್ಕೊಂಡ್ರು. ಆನೆ ತುಳೀತು. ಇನ್ನು ಬರಲ್ಲ."

ಅವನು ಅಳಲಿಲ್ಲ.

"ಅಪ್ಪಂಗೆ ನೋವಾಯ್ತಾ?"

"ಇಲ್ಲ ಪುಟ್ಟ. ಒಂಚೂರೂ ಆಗ್ಲಿಲ್ಲ. ನಿದ್ದೆ ಬಂದಂಗಾಗಿ ಹೋಗ್ಬಿಟ್ರು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಶಶಿಕುಮಾರನ ಜೀವ ಆಸ್ಪತ್ರೆಯ ಗೇಟಿನವರೆಗೂ ಇತ್ತು. ಜೀಪಿನಲ್ಲಿ ದಾರಿಯುದ್ದಕ್ಕೂ ಅವನು ಕೂಗಿಕೊಳ್ಳುವಾಗ ಅವನ ತಲೆ ಇದ್ದದ್ದು ರಂಜಿತಾಳ ತೊಡೆಯ ಮೇಲೆ. ಅಂಥವಳ ಎದುರಿಗೇ ನಾನು ಹೀಗೆ ಹೇಳಿದ್ದೆ. ನನಗೆ ನಾಚಿಕೆಯಾಯಿತು. ಎದ್ದು ಹೊರಟುಹೋಗುತ್ತಾಳೆ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡೆ.

ಎದ್ದಳು. ಚಿಕ್ಕವರ ಚಾಪೆಗೆ ಬಂದು, ಚಿನ್ನಿಯನ್ನು ಪಕ್ಕಕ್ಕೆ ಸರಿಸಿ, ತಮ್ಮನನ್ನು ಮಡಿಲಿಗೆ ಎಳೆದುಕೊಂಡು ಕೂತಳು.

"ಟೀಚರ್," ಎಂದಳು, "ನೋವಾಗ್ಲಿಲ್ಲ ಅಂದ್ರಲ್ಲ, ಅದನ್ನ ಇನ್ನೊಂದ್ ಸಲ ಹೇಳಿ."