ಅತಿಥಿಗೆ ಇಟ್ಟ ತಲೆ

ಕುರಿಯ ಎಡಗಣ್ಣು ಪೂರ್ತಿ ಮುಚ್ಚಿಲ್ಲ, ಅಷ್ಟು ಬೆಂದಿದ್ದರೂ ರೆಪ್ಪೆಯ ಕೆಳಗೆ ಬೂದಿ ಬಣ್ಣದ ಒಂದು ಗೆರೆ ನನ್ನನ್ನೇ ನೋಡುತ್ತಿದೆ, ಮೂತಿ ನನ್ನ ಕಡೆಗೇ ತಿರುಗಿಸಿ ಇಟ್ಟಿದ್ದಾರೆ, ಹಾಗೇ ಇಡಬೇಕು, ದೊಡ್ಡ ಅತಿಥಿ ಯಾರೋ ಅವನ ಕಡೆಗೆ ಮೂತಿ, ಬಾಗಿಲಿಗೆ ಎಲ್ಲಕ್ಕಿಂತ ದೂರದ ಜಾಗವೂ ಅವನದೇ, ಆ ಜಾಗದಲ್ಲಿ ನಾನು ಕೂತಿದ್ದೇನೆ — ಲಿಫ್ಟ್ ದುರಸ್ತಿ ಕಂಪನಿಗೆ ಮೂರು ತಿಂಗಳ ಹಿಂದೆ ಸೇರಿದ ನಲವತ್ತಾರು ವರ್ಷದ ಹೊಸಬ, ತುರಾರ್‌ಬೆಕ್, ಸೇನೆಯ ಹೆಲಿಕಾಪ್ಟರ್ ದಳದಲ್ಲಿ ತಾಂತ್ರಿಕ ಮೇಜರ್ ಆಗಿದ್ದವನು. ತಟ್ಟೆಯ ಎಡಕ್ಕೆ ಚೂರಿ, ಬಲಕ್ಕೆ ಪೆನ್ನು, ಪೆನ್ನಿನ ಕೆಳಗೆ ಎರಡು ಕಾಗದ, ಮೇಲಿನದು ಹದಿನಾಲ್ಕನೇ ಕಟ್ಟಡದ ಲಿಫ್ಟ್ ಸುಸ್ಥಿತಿಯಲ್ಲಿದೆ ಅನ್ನುವ ವಾರ್ಷಿಕ ಪತ್ರ, ಕೆಳಗಿನದು ನನ್ನ ಕೆಲಸ ಕಾಯಂ ಮಾಡುವ ಆದೇಶ, ಮೇಲಿನದಕ್ಕೆ ನಾನು ಸಹಿ ಹಾಕಿದರೆ ಕೆಳಗಿನದಕ್ಕೆ ನಿರ್ದೇಶಕ ಹಾಕುತ್ತಾನೆ, ಯಾರೂ ಹಾಗೆ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ, ಒಂದರ ಮೇಲೊಂದು ಇಟ್ಟದ್ದೇ ಸಾಕು. ಕತ್ತರಿಸಿ ಮೇಜರ್ ಆಗಾ, ನೀವು ಕೈ ಹಾಕದೆ ಇಲ್ಲಿ ಯಾರೂ ಮುಟ್ಟೋ ಹಾಗಿಲ್ಲ, ಎಲ್ಲರ ಹೊಟ್ಟೇನೂ ತಾಳ ಹಾಕ್ತಿದೆ, ಅನ್ನುತ್ತಾನೆ ನಿರ್ದೇಶಕ ಸಾಪಾರ್‌ಗಾಲಿ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಅಣ್ಣನ ಸ್ಥಾನ ಕೊಟ್ಟು ಆಗಾ ಅಂತಾನೆ, ಆ ಅಣ್ಣತನದಲ್ಲಿ ಬೆಲ್ಲದ ಅಂಟು. ಅವನು ತಟ್ಟೆ ಹಿಡಿದು ಒಳಗೆ ಬಂದಾಗ ನಾನು ಎದ್ದು ನಿಂತುಬಿಟ್ಟೆ, ಇಪ್ಪತ್ತನಾಲ್ಕು ವರ್ಷ ದಂಡಿನಲ್ಲಿ ಪಳಗಿದ ಮೊಣಕಾಲು, ನನ್ನನ್ನು ಕೇಳುವುದಿಲ್ಲ, ದೂರಿನ ಫೋನ್ ನೋಡಿಕೊಳ್ಳುವ, ಎಲ್ಲರಿಗೂ ಅಕ್ಕನಾದ ಕುಲ್ಯಾಷ್ ಆಪಾ ನಕ್ಕಳು, ಏನ್ ಮೇಜರ್, ಸಲ್ಯೂಟು ಅವನಿಗೋ ಕುರಿಗೋ. ಎಲ್ಲರೂ ನಕ್ಕರು, ನಾನೂ.

ಹೊರಗೆ ಮಾರ್ಚಿನ ಕೊಳೆತ ಹಿಮ, ವರ್ಕ್‌ಶಾಪಿನ ಕಿಟಕಿಯಾಚೆ ಕರಗಂದಿ ಊರಿನ ಕಲ್ಲಿದ್ದಲು ಮಸಿ ಕುಡಿದು ಕಪ್ಪಾದ ಹಿಮ, ವಸಂತದ ಹೊಸವರ್ಷ ನೌರೂಜ್‌ಗೆ ಇನ್ನು ನಾಲ್ಕು ದಿನ, ಹಬ್ಬಕ್ಕೆ ಲಿಫ್ಟ್ ಓಡಬೇಕು, ಹೌದು ಓಡಬೇಕು, ಒಂಬತ್ತು ಮಹಡಿ, ನಿನ್ನೆ ಬೆಳಿಗ್ಗೆ ಅದರ ಕೀಲಿ ತೆಗೆದು ಕೆಂಪು ಚೀಟಿ ಕಟ್ಟಿ ನಾನು ಮೆಟ್ಟಿಲಿಳಿಯುವಾಗ ಒಬ್ಬ ಹೆಂಗಸು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ತಳ್ಳುಗಾಡಿ, ಆರನೇ ಮಹಡಿಯಲ್ಲಿ ಗೋಡೆಗೊರಗಿ ಉಸಿರು ಬಿಡುತ್ತಿದ್ದಳು, ನೀನೇ ಏನಯ್ಯಾ ನಿಲ್ಲಿಸಿದವನು, ಮಿಲಿಟರಿಯವನಂತೆ, ನಮ್ಮನ್ನೂ ಕವಾಯತು ಮಾಡಿಸ್ತೀಯಾ. ತಳ್ಳುಗಾಡಿ ಹೊತ್ತು ಅವಳ ಜೊತೆ ಮತ್ತೆ ಮೇಲೆ ಹತ್ತಿದೆ, ಬೈಗುಳ ಎಂಟನೇ ಮಹಡಿಯವರೆಗೂ ಜೊತೆಗೇ ಬಂತು, ಅವಳಿಗೆ ಹೇಳಲಿಲ್ಲ, ಹೇಳಬೇಕಿತ್ತು, ತಾಯೀ ಮೇಲೆ ಯಂತ್ರದ ಕೋಣೆಯಲ್ಲಿ ಉಕ್ಕಿನ ಹಗ್ಗಕ್ಕೆ ಹತ್ತಿಬಟ್ಟೆ ಸುತ್ತಿ ನಿಧಾನ ಓಡಿಸಿ ನೋಡಿದೆ, ಎರಡು ಹಗ್ಗದ ಮೇಲೆ ಬಟ್ಟೆ ರೇಷ್ಮೆ ಜಾರಿದ ಹಾಗೆ ಜಾರಿತು, ಮೂರನೆಯದರಲ್ಲಿ ಕಚ್ಚಿಕೊಂಡಿತು, ಮುಂದೆ ಇನ್ನೊಮ್ಮೆ, ಮುಂದೆ ಮತ್ತೂ ಒಮ್ಮೆ, ಕಡಿದ ತಂತಿಗಳು ಮೀನಿನ ಮುಳ್ಳಿನ ಹಾಗೆ ಎದ್ದು ನಿಂತಿದ್ದವು, ಒಂದು ಗೇಣಿನೊಳಗೆ ಹತ್ತೊಂಬತ್ತು, ಇರಬಾರದಷ್ಟು, ಎರಡು ಸಲ ಎಣಿಸಿದೆ, ಮೂರನೆಯ ಸಲ ಕೈಗವಸು ತೆಗೆದು ಬೆರಳಲ್ಲೇ ಎಣಿಸಿದೆ. ಸಾಪಾರ್‌ಗಾಲಿ ಫೋನಿನಲ್ಲಿ ತಾಳ್ಮೆಯಿಂದ ಕೇಳಿಸಿಕೊಂಡ, ಅಲ್ಲಾ ಆಗಾ, ಉಳಿದೆರಡು ಹಗ್ಗ ಇದಾವಲ್ಲ, ಹಬ್ಬ ಕಳೀಲಿ, ಹೊಸ ಹಗ್ಗ ಬಂದೇ ಬರುತ್ತೆ, ಮೂರೇ ವಾರ, ಇದು ಆಕಾಶದಲ್ಲಿ ಹಾರೋದಲ್ಲ, ನಾಳೆ ಮಧ್ಯಾಹ್ನ ಊಟಕ್ಕೆ ಬನ್ನಿ, ನಿಮ್ಮ ಗೌರವಕ್ಕೆ ಒಂದು ಕುರಿ.

ದಂಡಿನಲ್ಲಿ ಯಾರೂ ಉಣಿಸಿ ಸಹಿ ಕೇಳಲಿಲ್ಲ, ಬೈದು ಕೇಳಿದರು, ಅದೇ ಸಲೀಸು. ಕಾಂಕ್ರೀಟಿನ ಮೇಲೆ ಹೆಲಿಕಾಪ್ಟರ್ ನಿಂತಿದೆ, ರೆಕ್ಕೆಗಳು ಕೂಡುವ ರೋಟರಿನ ನಡುಭಾಗದಲ್ಲಿ ಸೀಳು, ಹಾರಲು ಯೋಗ್ಯವಲ್ಲ ಅಂತ ನಾನು ಪುಸ್ತಕದಲ್ಲಿ ಬರೆದಿದ್ದೇನೆ, ಕರ್ನಲ್ ಬಂದು ನನ್ನ ಏಳು ತಲೆಮಾರಿನ ತಾತಂದಿರನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಉಗಿಯುತ್ತಾನೆ, ನಾನು ಎದೆ ಸೆಟೆಸಿ ಅನ್ನುತ್ತೇನೆ, ಹಾರಿಸಬೇಕೆಂದರೆ ತಾವು ಲಿಖಿತ ಆದೇಶ ಕೊಡಿ, ಅವನ ಬಾಯಿ ಅರ್ಧಕ್ಕೆ ನಿಲ್ಲುತ್ತದೆ, ಲಿಖಿತ ಅಂದ ತಕ್ಷಣ ಅವನ ಸ್ವಂತ ಕುತ್ತಿಗೆ ಅವನಿಗೆ ನೆನಪಾಗುತ್ತದೆ, ಹಾರಾಟ ರದ್ದು. ಅದನ್ನು ಧೈರ್ಯ ಅಂತ ಕರೆದು ಇಪ್ಪತ್ತು ವರ್ಷ ಬೆನ್ನು ನೇರ ಮಾಡಿಕೊಂಡು ಓಡಾಡಿದೆನಲ್ಲ, ಧೈರ್ಯ ಎಲ್ಲಿತ್ತು, ಬೆನ್ನ ಹಿಂದೆ ನಿಯಮದ ಗೋಡೆ ಇತ್ತು, ಒರಗಿಕೊಂಡಿದ್ದೆ ಅಷ್ಟೆ, ಮತ್ತು ಗೋಡೆ ಇಲ್ಲದ ಕಡೆ — ಬಾರದೇ ಹೋದ ಬಿಡಿಭಾಗ ಬಂತೆಂದು, ನಡೆಯದ ಪರೀಕ್ಷೆ ನಡೆಯಿತೆಂದು — ಎಷ್ಟು ಕಡೆ ಹಾಕಿಲ್ಲ ನಾನು ಸಹಿ, ಎಲ್ಲರೂ ಹಾಕುತ್ತಿದ್ದರು, ಅದಕ್ಕೆ ಶಿಸ್ತು ಅನ್ನುತ್ತಿದ್ದರು. ಇಲ್ಲಿ ಶಿಸ್ತಿಲ್ಲ, ಆದೇಶವಿಲ್ಲ, ಇಲ್ಲಿ ಎಲ್ಲರೂ ಅಣ್ಣ ತಮ್ಮಂದಿರು, ಇಲ್ಲಿ ಕೊರಳಿಗೆ ಕೈ ಹಾಕುವವನು ಮೊದಲು ಬಾಯಿಗೆ ತುತ್ತು ಹಾಕುತ್ತಾನೆ, ಬಡವರ ಒಂಬತ್ತು ಮಹಡಿಯ ಪ್ರಾಣವನ್ನು ಮಾಂಸದ ಸಾರಿನಲ್ಲಿ ಬೇಯಿಸಿ ಪ್ರೀತಿಯಿಂದ ಬಡಿಸುತ್ತಾನೆ, ನೀನು ಬೇಡ ಅಂದರೆ ಆದೇಶ ಮೀರಿದವನಾಗುವುದಿಲ್ಲ, ಅನ್ನಕ್ಕೆ ಅವಮಾನ ಮಾಡಿದವನಾಗುತ್ತೀಯ, ಅದಕ್ಕೆ ಯಾವ ಪುಸ್ತಕದಲ್ಲಿ ಬರೆದು ಸಹಿ ಮಾಡಲಿ. ಉದ್ಯೋಗ ಕಚೇರಿಯ ಹುಡುಗಿ ಕೇಳಿದ್ದಳು, ನಿಮಗೆ ಏನು ಬರುತ್ತೆ, ಹೆಲಿಕಾಪ್ಟರು ಹಾರಲು ಬಿಡೋದು ಬರುತ್ತೆ ಅಂದೆ, ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿ ಕೊನೆಗೆ ಇತರೆ ಅಂತ ಒತ್ತಿದಳು, ಇತರೆಯಿಂದ ಇಲ್ಲಿಗೆ ಬಂದೆ, ಜೂನಿಗೆ ದಂಡಿನ ಕ್ವಾರ್ಟರ್ಸ್ ಖಾಲಿ ಮಾಡಬೇಕು, ಹೆಂಡತಿ ಬಾಲ್ಜಾನ್ ಬೆಳಿಗ್ಗೆ ನನ್ನ ಕಾಲರ್ ಸರಿ ಮಾಡುತ್ತಾ ಅಂದಳು, ಇವತ್ತು ಕಾಯಂ ಆಗುತ್ತಲ್ಲ, ಬಾಯಿ ಮುಚ್ಕೊಂಡು ಉಂಡು ಬನ್ನಿ ಮಾರಾಯ್ರೇ, ಆಕೆಗೆ ಹಗ್ಗದ ವಿಷಯ ಗೊತ್ತಿಲ್ಲ, ನಾನೇ ಹೇಳಿಲ್ಲ.

ಚೂರಿ ಎತ್ತಿಕೊಂಡಿದ್ದೇನೆ, ಹಿಡಿ ಬೆಚ್ಚಗಿದೆ, ಬಲಗೆನ್ನೆಯಿಂದ ಮೊದಲ ತುಂಡು, ಕಿವಿ ಚಿಕ್ಕವರಿಗೆ, ಗೊತ್ತಿದೆ, ಅಪ್ಪ ಮಾಡುವುದನ್ನು ನೋಡಿದ್ದೇನೆ, ಅಪ್ಪ — ಅಪ್ಪ ಇದ್ದಾನಲ್ಲ, ಎಪ್ಪತ್ತೊಂಬತ್ತು, ಹಳ್ಳಿಯಲ್ಲಿ, ಈಗಲೂ ಕುದುರೆ ಹತ್ತುವಾಗ ಯಾರ ಕೈಯನ್ನೂ ಹಿಡಿಯದವನು, ನಮ್ಮ ಪದ್ಧತಿಯಲ್ಲಿ ಅಪ್ಪ ಬದುಕಿರುವ ಮಗ ಕುರಿಯ ತಲೆಗೆ ಚೂರಿ ಇಡುವಂತಿಲ್ಲ, ಸಾಪಾರ್‌ಗಾಲಿ ಕೇಳಲೇ ಇಲ್ಲ, ನನ್ನ ನರೆಗೂದಲು ನೋಡಿ ಅಪ್ಪ ತೀರಿಕೊಂಡಿರಬೇಕು ಅಂದುಕೊಂಡ, ಅಯ್ಯೋ ತಪ್ಪಿಸಿಕೊಳ್ಳುವ ಬಾಗಿಲು ಇಲ್ಲೇ ಇದೆ, ಇಷ್ಟು ಹೊತ್ತೂ ತೆರೆದೇ ಇತ್ತು, ಅವಮಾನವಿಲ್ಲ, ಜಗಳವಿಲ್ಲ, ಚೂರಿ ಕೆಳಗಿಟ್ಟೆ, ಕ್ಷಮಿಸಿ, ನಮ್ಮಪ್ಪ ಇದ್ದಾರೆ, ಈ ತಲೆ ನನ್ನದಲ್ಲ. ಮೇಜಿನ ಸುತ್ತ ಒಂದು ನಿಟ್ಟುಸಿರು, ಒಳ್ಳೆಯ ನಿಟ್ಟುಸಿರು, ನೂರು ವರ್ಷ ಬಾಳಲಿ ನಿಮ್ಮಪ್ಪ, ಕುಲ್ಯಾಷ್ ಆಪಾ ಎದೆಯ ಮೇಲೆ ಕೈ ಇಟ್ಟುಕೊಂಡಳು, ಹೆತ್ತರೆ ಇಂಥವನ್ನ ಹೆರಬೇಕು ನೋಡ್ರೋ, ಸಾಪಾರ್‌ಗಾಲಿಯೂ ನಕ್ಕ, ಗೆದ್ದೆ ಅನ್ನಿಸಿತು, ತಟ್ಟೆ ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಸರಿಸಿದೆ, ಪಕ್ಕದಲ್ಲಿ ಎಲ್ಲರಿಗೂ ಅಜ್ಜನಾದ ಜುಮಾಷ್ ಅತಾ, ಇಲ್ಲಿನ ಎಲ್ಲರಿಗಿಂತ ಹಳೆಯ ಮೆಕ್ಯಾನಿಕ್, ಮೇ ತಿಂಗಳಿಗೆ ನಿವೃತ್ತಿ, ಸಾರು ತುಳುಕಿ ನನ್ನ ಅಂಗೈ ತುಂಬ ಕೊಬ್ಬು, ಒಂದು ಹನಿ ಆದೇಶದಿಂದ ಆಚೆ ಚಾಚಿದ್ದ ಪತ್ರದ ಅಂಚಿಗೂ ಬಿತ್ತು, ಬಿದ್ದಲ್ಲಿ ಕಾಗದ ಗಾಜಾಯಿತು, ಕೆಳಗಿನ ಮೇಜುಹಾಸಿನ ಕೆಂಪು ಗಸಗಸೆ ಹೂವಿನ ಒಂದು ಎಸಳು ಕಂಡಿತು, ಉಗುರಿನಷ್ಟು. ಜುಮಾಷ್ ಅತಾ ನಾಚಿಕೊಂಡ, ಚೂರಿ ಹಿಡಿದ, ತಂದೆಯಿಲ್ಲದವನು, ಐವತ್ತು ವರ್ಷದಿಂದ ಇಲ್ಲ, ಕೆನ್ನೆಯಿಂದ ತೆಳ್ಳಗೆ ಒಂದು ತುಂಡು ತೆಗೆದ, ಎಷ್ಟು ಚೆಂದ ಕೊಯ್ಯುತ್ತಾನೆ, ಎಲ್ಲರೂ ಉಣ್ಣತೊಡಗಿದರು, ಆಗ ಸಾಪಾರ್‌ಗಾಲಿ ಕೈ ಚಾಚಿ ಪೆನ್ನನ್ನೂ ಎರಡು ಕಾಗದಗಳನ್ನೂ ಎತ್ತಿಕೊಂಡ, ಕೆಳಗಿನದನ್ನು ಮಡಚಿ ಜೇಬಿಗೆ ಹಾಕಿದ, ಮೇಲಿನದನ್ನು ತಟ್ಟೆಯ ಹಿಂದೆಯೇ ಸರಿಸಿದ, ಅತಾ, ದೊಡ್ಡವರ ಪಾಲು ನಿಮಗೇ ಬಂತು, ಹಾಗಾದರೆ ದೊಡ್ಡವರ ಸಹೀನೂ ನಿಮ್ಮದೇ ಇರಲಿ, ನಿಮಗೂ ಪರವಾನಗಿ ಇದೆಯಲ್ಲ.

ನಾನು ಏನು ಮಾಡಿದೆ. ತಲೆಯನ್ನು ಮಾತ್ರ ಕೊಟ್ಟೆ ಅಂದುಕೊಂಡೆ. ಜುಮಾಷ್ ಅತಾ ಬಾಯಲ್ಲಿ ಇನ್ನೂ ತುತ್ತು ಇಟ್ಟುಕೊಂಡು ಕನ್ನಡಕ ಹುಡುಕುತ್ತಿದ್ದಾನೆ, ಮೊಣಕಾಲು ಹೋಗಿ ಎರಡು ವರ್ಷದಿಂದ ಯಂತ್ರದ ಕೋಣೆಯ ಏಣಿ ಹತ್ತದವನು, ಮೂರನೆಯ ಹಗ್ಗ ಕಾಣದವನು, ಏನಪ್ಪಾ ಇದು, ಹದಿನಾಲ್ಕನೇ ಕಟ್ಟಡವಾ, ಒಳ್ಳೆ ಲಿಫ್ಟು ಅದು, ನಾನೇ ಕೂರಿಸಿದ್ದು, ಅನ್ನುತ್ತಾನೆ, ನಾಳೆ ಆ ಹಗ್ಗ ಹರಿದರೆ ಇವನ ಹೆಸರು, ಹರಿಯದಿದ್ದರೆ ಯಾರ ಹೆಸರೂ ಇಲ್ಲ, ನಾನು ಶುದ್ಧ, ನಮ್ಮಪ್ಪ ಬದುಕಿದ್ದಾನೆ ಅನ್ನುವ ಸತ್ಯವನ್ನು ಹಿಡಿದುಕೊಂಡು ಶುದ್ಧನಾಗಿ ಕೂತಿದ್ದೇನೆ, ಥೂ, ಇದಕ್ಕಿಂತ ಸಹಿ ಹಾಕಿದವನು ಮೇಲು — ಪೆನ್ನು ಇಳಿಯುತ್ತಿದೆ, ನನ್ನ ಕೈ ಹೋಗಿ ಕಾಗದದ ಮೇಲೆ ಬಿತ್ತು, ಅಂಗೈ ಪೂರ್ತಿ, ಅಪ್ಪಳಿಸಲಿಲ್ಲ, ಇಟ್ಟೆ, ಅತಾ ಬೇಡಿ, ಅಂದೆ, ಇದು ನಿಮ್ಮ ಕೈಗೆ ಬಂದ ಕಾಗದ, ಆ ಹಗ್ಗ ನಿಮ್ಮ ಕಣ್ಣಿಗೆ ಬಂದಿಲ್ಲ. ಮೇಜರ್ ಆಗಾ, ಕೈ ತೆಗೀರಿ, ಅಂದ ಸಾಪಾರ್‌ಗಾಲಿ, ಬೆಲ್ಲ ಕರಗಿ ಹೋದ ದನಿ, ಊಟದ ಮುಂದೆ ಇದೇನು. ಕಾಗದಾನ ಊಟದ ಮುಂದೆ ನೀವೇ ಇಟ್ಟಿರಲ್ಲ, ಅಂದೆ, ನನ್ನ ದನಿ ಅಷ್ಟು ಸಣ್ಣಗೆ ಬಂತು, ದಂಡಿನ ದನಿಯಲ್ಲ, ಯಾರದೋ. ಅಲ್ಲಿ ಮೇಲೆ ಏನು ಕಂಡೆಯಪ್ಪಾ ನೀನು, ಅಂದಳು ಕುಲ್ಯಾಷ್ ಆಪಾ, ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಕೂಗನ್ನು ಹದಿನೆಂಟು ವರ್ಷದಿಂದ ಫೋನಿನಲ್ಲಿ ಕೇಳುತ್ತ ಬಂದವಳು, ಎಲ್ಲರಿಗೂ ಕೇಳೋ ಹಾಗೆ ಹೇಳು. ಹೇಳಿದೆ, ಬಟ್ಟೆ ಕಚ್ಚಿಕೊಂಡದ್ದು, ಗೇಣು, ಹತ್ತೊಂಬತ್ತು. ಜುಮಾಷ್ ಅತಾ ಕನ್ನಡಕ ತೆಗೆದ, ಹತ್ತೊಂಬತ್ತಾ, ಅಂದ, ಬೆರಳಲ್ಲಿ ಎಣಿಸಿದೆಯಾ, ಬೆರಳಲ್ಲೇ ಅತಾ, ಅಂದೆ, ಅವನು ಪೆನ್ನನ್ನು ಚೂರಿಯ ಪಕ್ಕದಲ್ಲಿಟ್ಟು ಎರಡೂ ಕೈ ಮಡಿಲಿಗೆಳೆದುಕೊಂಡ. ಕುಲ್ಯಾಷ್ ಆಪಾ ನನ್ನ ಮುಂದೆ ಚಹಾ ಇಟ್ಟಳು, ಬಟ್ಟಲು ಅರ್ಧವೇ ತುಂಬಿಸಿದ್ದಾಳೆ, ಪೂರ್ತಿ ತುಂಬಿಸಿದ್ದರೆ ಎದ್ದು ಹೋಗು ಅಂತ, ಅರ್ಧ ಅಂದರೆ ಕೂತಿರು. ಇನ್ನೊಂದು ಪ್ರತಿ ತರಿಸ್ತೀನಿ, ಅನ್ನುತ್ತಿದ್ದಾನೆ ಸಾಪಾರ್‌ಗಾಲಿ, ಜೇಬಿನ ಮೇಲೆ ಕೈಯಾಡಿಸುತ್ತ, ತರಿಸಲಿ, ಹಬ್ಬಕ್ಕೆ ಮೆಟ್ಟಿಲು ಹತ್ತುವ ಒಂಬತ್ತು ಮಹಡಿಯೂ ನನಗೆ ಶಾಪ ಹಾಕಲಿ, ಮನೆಗೆ ಹೋಗಿ ಬಾಲ್ಜಾನ್‌ಗೆ ಏನು ಹೇಳಲಿ, ಮೊದಲು ಹಗ್ಗದಿಂದ ಶುರು ಮಾಡಬೇಕು, ಬಟ್ಟೆಯಿಂದ, ಇಲ್ಲ ಈ ಕೈಯಿಂದ, ಕೈ ಎತ್ತಲಾಗುತ್ತಿಲ್ಲ, ಎತ್ತುವುದಿಲ್ಲ, ಅಂಗೈಯ ಕೊಬ್ಬು ಬೆರಳ ಸಂದಿಯಿಂದ ಆಚೆಗೆ ಹಬ್ಬುತ್ತಿದೆ, ಅಕ್ಷರಗಳು ಕರಗುತ್ತಿವೆ, ಸುಸ್ಥಿತಿ ಅನ್ನುವ ಪದ ಇತ್ತಲ್ಲ ಅಲ್ಲಿ, ಅದರ ಅಡಿಯಿಂದ ಎಸಳು, ಇನ್ನೊಂದು ಎಸಳು, ಕಾಗದ ಕಾಣುತ್ತಿಲ್ಲ, ಹೂವು, ಕೆಂಪು ಹೂವು —