ಆಕಾಶದಿಂದ ಬೀಳದ ಗುರಾಣಿ

ನಾನು ಒಂದು ಗುರಾಣಿ. ಹುಟ್ಟೂರು ರೋಮ್, ತವರುಮನೆ ಕುಲುಮೆ, ಮೈ ಕಂಚಿನದು. ಈಗ ಹೇಳಹೊರಟಿರುವುದು ನಿಜವಾದ ಕಥೆ. ಸರಿಯಾಗಿ ಹೇಳಬೇಕೆಂದರೆ, ನಿಜವಾದ ನಕಲಿಯ ಕಥೆ.

ನನಗೊಬ್ಬ ಅಣ್ಣ. ಅವನು ಆಕಾಶದಿಂದ ಬಿದ್ದವನು. ನೂಮಾ ರಾಜ ಬಯಲಿನಲ್ಲಿ ಕೈಮುಗಿದು ನಿಂತಿದ್ದಾಗ ಮೋಡ ಸೀಳಿಕೊಂಡು ಬಂದು ನೆಲಕ್ಕೆ ಬಡಿದನಂತೆ. ಈ ಗುರಾಣಿ ಇರುವವರೆಗೆ ರೋಮ್ ಉಳಿಯುತ್ತದೆ ಎಂದು ದೇವವಾಣಿಯೂ ಆಯಿತು. ಅಂದಿನಿಂದ ರಾಜನಿಗೆ ನೆಮ್ಮದಿ ಹೋಯಿತು. ಯಾರಾದರೂ ಕದ್ದರೆ ಏನು ಗತಿ? ಕಳ್ಳನಿಗೆ ಅಸಲು ಯಾವುದೆಂದು ತಿಳಿಯಬಾರದು, ಅಂಥವೇ ಇನ್ನೂ ಹನ್ನೊಂದು ಬೇಕು ಎಂದ.

ಊರಿನ ಹೆಸರಾಂತ ಕಂಚುಗಾರರೆಲ್ಲ ಸೋತರು. ಬಿದ್ದ ರಭಸಕ್ಕೆ ಅಣ್ಣನ ಎದೆಯಲ್ಲಿ ಒಂದು ತಗ್ಗಾಗಿತ್ತು, ಅಂಚು ಸೊಟ್ಟಗಾಗಿತ್ತು. ಕಸುಬುದಾರರ ಕೈ ಸುಮ್ಮನಿರಬೇಕಲ್ಲ. ತಗ್ಗು ಕಂಡರೆ ಬಡಿದು ಸಮ ಮಾಡುವುದೇ ಅವರ ಅಭ್ಯಾಸ. ಅವರು ಮಾಡಿದ್ದೆಲ್ಲ ಅಸಲಿಗಿಂತ ಚೆಂದವಾಯಿತು, ಆದ್ದರಿಂದಲೇ ಕೆಲಸಕ್ಕೆ ಬಾರದಾಯಿತು.

ಆಗ ಮುಂದೆ ಬಂದವನು ನನ್ನಪ್ಪ ಮಾಮೂರಿಯಸ್. ಮಾಮೂಲಿ ಕಂಚುಗಾರನಲ್ಲ. ಪುರೋಹಿತರ ಕೆಮ್ಮು, ಸೇನಾಪತಿಯ ಹೊಟ್ಟೆ, ರಾಜನ ಕುಂಟುನಡಿಗೆ, ಅಣಕಿಸಲು ನಿಂತರೆ ಎಲ್ಲವೂ ಅವನ ಮೈಮೇಲೆ ಬರುತ್ತಿತ್ತು. ಅವನು ಚಿನ್ನ ಕೇಳಲಿಲ್ಲ. ರಾಜರೇ ಅಸಲನ್ನು ಗುರುತಿಸಲಾರದೆ ಹೋದರೆ, ಪುರೋಹಿತರು ಹಾಡುವ ದೇವರ ಹಾಡಿನ ಕೊನೆಗೆ ತನ್ನ ಹೆಸರು ಸೇರಬೇಕು ಎಂದ. ಆಸ್ಥಾನ ಗೊಳ್ಳೆಂದಿತು. ರಾಜ ಒಪ್ಪಿದ. ಗುರುತಿಸಿಬಿಟ್ಟರೆ ಮಾತ್ರ ಕುಲುಮೆ ಆರಿಸಿ ಊರು ಬಿಡಬೇಕು ಎಂದೂ ಸೇರಿಸಿದ.

ಹನ್ನೊಂದರಲ್ಲಿ ಕಿರಿಯವನು ನಾನು. ನುಣ್ಣಗೆ, ದುಂಡಗೆ, ಕನ್ನಡಿಯಂತೆ ಹುಟ್ಟಿದೆ. ಬೀಗುವಷ್ಟರಲ್ಲಿ ಅಪ್ಪ ಸುತ್ತಿಗೆ ಎತ್ತಿ ಎದೆಗೇ ಬಡಿದ. ಅವನ ಹೆಂಡತಿ ಪೊಪಿಲಿಯಾ ಓಡಿಬಂದು ಸುತ್ತಿಗೆ ಹಿಡಿದುಕೊಂಡಳು.

"ಚೆನ್ನಾಗಿರೋದನ್ನ ಯಾಕೆ ಹಾಳು ಮಾಡ್ತೀಯ ಮಾರಾಯ? ಊರು ಬಿಡೋ ಆಸೆನಾ?"

"ರಾಜರ ಹಾಗೆ ನಡೆದು ತೋರಿಸ್ತೀನಲ್ಲ, ಕುಂಟದೇ ನಡೆದ್ರೆ ನೀನು ನಗ್ತೀಯಾ? ತಪ್ಪನ್ನೂ ತಪ್ಪದೆ ಮಾಡ್ಬೇಕು ಕಣೆ."

ಪರೀಕ್ಷೆಯ ದಿನ ಅಣ್ಣನನ್ನೂ ಸೇರಿಸಿ ನಮ್ಮನ್ನು ಸಾಲಾಗಿ ಮಲಗಿಸಿದರು. ರಾಜ ನಮ್ಮ ಮುಖವನ್ನೇ ನೋಡಲಿಲ್ಲ. ನಸುನಗುತ್ತ ಮೊದಲನೆಯವನನ್ನು ಬೋರಲು ಹಾಕಿ, ಹಿಡಿಕೆಯ ಕೆಳಗೆ ಬೆರಳಾಡಿಸಿದ. ಅಸಲನ್ನು ಅಪ್ಪನ ಕೈಗೆ ಕೊಡುವ ಮುನ್ನ ತಾನೇ ಅಲ್ಲಿ ಉಂಗುರದಿಂದ ಗುಟ್ಟಾಗಿ ಒಂದು ಗೀರು ಎಳೆದಿದ್ದ. ಗೀರು ಸಿಕ್ಕಿತು. "ಇದೇ" ಎಂದ. ಪೊಪಿಲಿಯಾ ಸೆರಗು ಬಾಯಿಗೊತ್ತಿಕೊಂಡಳು.

ಅಪ್ಪ ವಿನಯದಿಂದ, ಪಕ್ಕದ್ದನ್ನೂ ಒಮ್ಮೆ ನೋಡಬೇಕು ಪ್ರಭು ಎಂದ. ಪಕ್ಕದವನಿಗೂ ಗೀರಿತ್ತು. ಅವನಾಚೆಯವನಿಗೂ ಇತ್ತು. ಕೊನೆಗೆ ರಾಜ ನನ್ನನ್ನೂ ತಿರುಗಿಸಿ, ಗೀರಿನ ಮೇಲೆ ಬೆರಳಿಟ್ಟು ಅಪ್ಪನತ್ತ ನೋಡಿದ.

"ಇದು ನಾನು ಹಾಕಿದ ಗುರುತು. ನಿನಗೆ ಯಾರು ಹೇಳಿದ್ರು?"

"ಗೀರೇ ಹೇಳ್ತು ಪ್ರಭು. ಮೈಯೆಲ್ಲ ಮಾಸಿತ್ತು, ಅದೊಂದೇ ಹೊಳೀತಿತ್ತು. ಅದಕ್ಕೆ ಎಲ್ಲದರಲ್ಲೂ ಹೊಳೆಯೋ ಹಾಗೇ ಮಾಡ್ದೆ."

ರಾಜ ನೆಲದ ಮೇಲೇ ಕೂತುಬಿಟ್ಟ. ಆಕಾಶ ಕೊಟ್ಟದ್ದು ಕಣ್ಣೆದುರಿಗೇ ಇದೆ, ಯಾವುದೆಂದು ತಿಳಿಯದು. ನಮ್ಮ ಸಾಲನ್ನು ಇನ್ನೊಮ್ಮೆ ನೋಡಿ, ಇನ್ನು ಕಳ್ಳ ಬೇಕಾದರೆ ಬರಲಿ ಎಂದು ಎದ್ದ. ಪುರೋಹಿತರನ್ನು ಕರೆದು ಹಾಡಿನ ಕೊನೆಗೆ ಅಪ್ಪನ ಹೆಸರು ಸೇರಿಸಿದ.

ಆಮೇಲೆ ನಮ್ಮನ್ನು ಹೊತ್ತ ಎಷ್ಟೋ ಕೈ ಬದಲಾದವು. ಪ್ರತಿ ಮಾರ್ಚ್‌ನಲ್ಲಿ ಕುಣಿಯುವ ಪುರೋಹಿತರು ನಮ್ಮನ್ನು ಗುಡಿಯ ಗೋಡೆಯಿಂದ ಇಳಿಸಿ, ಕೋಲಿನಿಂದ ಬಡಿಯುತ್ತ ಬೀದಿ ಸುತ್ತುತ್ತಾರೆ. ಹಾಡು ಎಷ್ಟು ಹಳತಾಗಿದೆಯೆಂದರೆ ಅರ್ಥ ಹಾಡುವವರಿಗೇ ಗೊತ್ತಿಲ್ಲ. ಕೊನೆಯ ಹೆಸರು ಬಂದಾಗ ಮಾತ್ರ ಬೀದಿಗೆ ಬೀದಿಯೇ ದನಿಗೂಡಿಸುತ್ತದೆ. ಆಗ ನನ್ನ ಹಳೆಯ ಕಂಚೂ ಬೆಚ್ಚಗಾಗುತ್ತದೆ. ಆಕಾಶದಿಂದ ಬೀಳಲು ಯಾರ ಕೈಯೂ ಬೇಕಿಲ್ಲ. ನನ್ನನ್ನು ಮಾಡಲು ಮಾಮೂರಿಯಸ್ಸೇ ಬೇಕಾಯಿತು.

ಉಳಿದ ದಿನಗಳಲ್ಲಿ ಗುಡಿಯ ಗೋಡೆಯೇ ನಮಗೆ ಗತಿ. ಮೊನ್ನೆ ಒಬ್ಬಳು ಅಜ್ಜಿ ಬಂದಳು. ಸಾಲನ್ನೆಲ್ಲ ದಿಟ್ಟಿಸಿ, ನೇರ ನನ್ನ ಮುಂದೆ ಅಂಜೂರ ಇಟ್ಟು ತಲೆಬಾಗಿದಳು. "ಆಕಾಶದಿಂದ ಇಳಿದು ಬಂದ ನನ್ನಪ್ಪಾ, ನೋಡಿದ ಕೂಡಲೇ ಗೊತ್ತಾಯ್ತು" ಎಂದಳು. ಪೂಜೆ ಕಳೆದುಕೊಂಡ ಅಣ್ಣ ಪಕ್ಕದ ಮೊಳೆಯಲ್ಲೇ ಇದ್ದ. ಬಾಗಿಲಿನಿಂದ ಗಾಳಿ ನುಗ್ಗಿತು. ನಾವೆಲ್ಲ ಕಿಣಿಕಿಣಿ ಎಂದೆವು. ಗೋಡೆ ಅದುರುವಂತೆ ಗಣಗಣ ನಕ್ಕವನು ಮಾತ್ರ ಅಣ್ಣ.