ಸೂರತ್ತಿನ ಮರಳು

ಶವಪೆಟ್ಟಿಗೆಯ ಮುಚ್ಚಳ ಹಿಡಿದು ನಿಂತ ಬಡಗಿಯನ್ನು ಕಣ್ಸನ್ನೆಯಿಂದ ತಡೆದು, ಹೆಟ್ಟಿ ಗ್ಯಾಮನ್ ತನ್ನ ಗಂಡ ವಿಲ್ಫ್ರೆಡ್‌ನ ಜೋಡಿಸಿದ ಕೈಗಳ ಕೆಳಗೆ ಹಳದಿ ಡಬ್ಬಿಯೊಂದನ್ನು ತೂರಿಸುತ್ತಿದ್ದಳು. ಲಂಡನ್ನಿನ ಪಾಪ್ಲರಿನ ಆ ಬೀದಿಯ ಮನೆಗಳೆಲ್ಲ ಅವನ ಗೌರವಕ್ಕೆಂದು ಕಿಟಕಿಯ ಪರದೆ ಎಳೆದುಕೊಂಡಿದ್ದವು. ಕೋಣೆಯ ಮಬ್ಬಿನಲ್ಲೂ ಡಬ್ಬಿ ತಂಗಿ ಡಾಲಿಯ ಕಣ್ಣಿಗೆ ಬಿತ್ತು.

“ಅಯ್ಯೋ, ಸಾಸಿವೆ ಡಬ್ಬಿ ಅಲ್ವೇನೇ ಅಕ್ಕ ಅದು? ಭಾವ ಅಲ್ಲಿ ಹಂದಿಮಾಂಸಕ್ಕೆ ಹಚ್ಕೊಂಡು ತಿನ್ಲಿ ಅಂತಾನಾ?”

“ಸುಮ್ನಿರೇ. ಮರಳು ಅದು.”

ಬಾಗಿಲ ಬಳಿ ಟೋಪಿ ಹಿಡಿದು ನಿಂತಿದ್ದ ಲ್ಯಾಮ್ ತಲೆಯೆತ್ತಿದ. ದಾಖಲೆಗಳ ಭಂಡಾರದಲ್ಲಿ ಅವನೂ ವಿಲ್ಫ್ರೆಡ್‌ನೂ ಒಂದೇ ಮೇಜಿನ ಎದುರುಬದುರು ಕುಳಿತು, ಹಿಂದೆ ಪೂರ್ವದೇಶಗಳಿಗೆ ವ್ಯಾಪಾರಕ್ಕೆ ಹೋದವರು ಬರೆದು ಕಳಿಸಿದ ಕಾಗದಗಳಿಗೆ ಗೋಧಿಯ ಅಂಟು ಸವರಿ ತೇಪೆ ಹಚ್ಚಿದವರು. ಪುಟದಿಂದ ಉದುರಿದ್ದೇನೂ ಹೊಸ್ತಿಲು ದಾಟಕೂಡದೆಂಬುದು ಅಲ್ಲಿಯ ಕಟ್ಟಳೆ.

*

ಬದುಕಿದ್ದಾಗ ಪ್ರತಿ ಸಂಜೆ ಮನೆಗೆ ಬಂದ ವಿಲ್ಫ್ರೆಡ್ ಹಿತ್ತಿಲ ಮೆಟ್ಟಿಲ ಮೇಲೆ ನಿಲ್ಲಬೇಕಿತ್ತು. ಹೆಟ್ಟಿ ಬ್ರಷ್ಷು ಹಿಡಿದು ಅವನ ಪ್ಯಾಂಟಿನ ತುದಿಯ ಮಡಿಕೆ ಬಿಚ್ಚಿ ಜಾಡಿಸಬೇಕಿತ್ತು. ಮದುವೆಯಾದಾಗಿನಿಂದ ಇದೇ ರೂಢಿಯೆಂದು ನೆರೆಯವರು ಹೇಳುತ್ತಾರೆ.

“ದಿನಾ ಒಂದೊಂದು ಚಿಟಿಕೆ ಸಮುದ್ರತೀರ ಹೊತ್ಕೊಂಡು ಬರ್ತೀರಲ್ರೀ!”

“ಚೆಲ್ಲಬೇಡ ಕಣೇ. ಸೂರತ್ತಲ್ಲಿ ನಮ್ಮೂರ ಯಾವನೋ ಗುಮಾಸ್ತ ಹಸಿ ಶಾಯಿ ಆರ್ಲಿ ಅಂತ ಉದುರಿಸಿದ್ದು. ಮುನ್ನೂರು ವರ್ಷ ಕಾಗದದೊಳಗೇ ಇತ್ತು. ಅವನು ಜ್ವರ ಬಂದು ಅಲ್ಲೇ ಹೋದ. ಇದಾದ್ರೂ ಊರಿಗೆ ಬಂತು.”

“ಹಾಗಾದ್ರೆ ಆಫೀಸಿಗೇ ವಾಪಸ್ ಕೊಡಿ.”

“ಕೊಡ್ತೀನಿ. ಡಬ್ಬಿ ತುಂಬ್ಲಿ.”

ಡಬ್ಬಿ ತುಂಬುವ ಹೊತ್ತಿಗೆ ಕೊಡುವ ಧೈರ್ಯ ಇಂಗಿಹೋಗಿತ್ತು. ಕೊನೆಯ ವಾರ, ಉಸಿರಿಗೆ ತಡಕಾಡುತ್ತ, “ನೀನೇ ಕೊಟ್ಬಿಡು ಹೆಟ್ಟಿ,” ಎಂದಿದ್ದ. ಅವಳು ಹೂಂ ಎಂದಿದ್ದಳು.

*

“ಮಿಸೆಸ್ ಗ್ಯಾಮನ್,” ಲ್ಯಾಮ್‌ನ ದನಿ ತಗ್ಗಿತ್ತು, “ಅದು ನಮ್ಮಲ್ಲಿಂದ ಬಂದಿದ್ದು, ಅಲ್ವಾ?”

“ನೋಡ್ರಪ್ಪಾ,” ಡಾಲಿ ಸಿಡಿದಳು, “ಹೆಣದ ಕೈಯಿಂದ ಕಿತ್ಕೊಳ್ಳೋಕೆ ಬಂದವ್ರೆ ಆಫೀಸ್ನೋರು!”

“ನಿನ್ನ ಭಾವನೇ ಕೊಡು ಅಂದಿದ್ರು ಡಾಲಿ.” ಹೆಟ್ಟಿ ಡಬ್ಬಿಯನ್ನು ಮೆಲ್ಲಗೆ ಹೊರಗೆಳೆದಳು. “ಕೊಟ್ರೆ ಅವರನ್ನ ಕಳ್ಳ ಅಂದ್ಬಿಡ್ತೀರಿ ಅಂತ ಹೆದರ್ಕೊಂಡೆ, ಮಿಸ್ಟರ್ ಲ್ಯಾಮ್. ಒಂದು ಪೆನ್ಸಿಲ್ ತುಂಡೂ ತಂದೋರಲ್ಲ ಅವರು.”

ಲ್ಯಾಮ್ ಬಾಗಿಲಿಂದ ಒಂದು ಹೆಜ್ಜೆ ಒಳಗೆ ಬಂದ.

“ನಮ್ಮೆಲ್ಲರ ಪ್ಯಾಂಟಲ್ಲೂ ಬೀಳುತ್ತೆ ಅದು. ನಾವು ಬಸ್ ಸ್ಟಾಪಲ್ಲಿ ಕಾಲು ಕೊಡವಿ ಹತ್ತೋರು. ಕೂಡಿಟ್ಟೋನು ವಿಲ್ಫ್ ಒಬ್ನೇ.”

ಹೆಟ್ಟಿ ಡಬ್ಬಿಯನ್ನು ಏಪ್ರನ್ನಿನಿಂದ ಒರೆಸಿ ಅವನ ಕೈಗಿತ್ತಳು. ಅವನು ಅದನ್ನು ಜೇಬಿಗಿಳಿಸದೆ ಟೋಪಿಯೊಳಗೆ ಇಟ್ಟುಕೊಂಡ.

ಭಾವನ ಕಾಲ ಬಳಿ ಬಟ್ಟೆ ಸರಿಪಡಿಸಲು ಡಾಲಿ ಬಾಗಿದಳು. “ಅಕ್ಕಾ, ಪ್ಯಾಂಟಿಗೆ ಇಸ್ತ್ರಿ ಹಾಕಿದೀಯ, ಮಡಿಕೆ ಜಾಡ್ಸೇ ಇಲ್ವಲ್ಲೇ. ಬ್ರಷ್ ತರ್ಲಾ?”

ಬ್ರಷ್ಷು ಹಿತ್ತಿಲ ಬಾಗಿಲ ಮೊಳೆಯಲ್ಲಿತ್ತು. ಬೆಳಿಗ್ಗೆ ಹೆಟ್ಟಿ ಅದನ್ನು ಕೈಗೆತ್ತಿಕೊಂಡು, ಮತ್ತೆ ಅಲ್ಲಿಯೇ ತೂಗುಹಾಕಿದ್ದಳು.

“ಬೇಡ,” ಎಂದಳು.

ಬೂದು ಬಟ್ಟೆಯ ಮಡಿಕೆಯಲ್ಲಿ ಮರಳಿನ ಕೆಲವು ಕಣಗಳು ಮಿನುಗುತ್ತಿದ್ದವು. ಲ್ಯಾಮ್ ಅವನ್ನು ಕಂಡ. ಬಡಗಿ ಮುಚ್ಚಳ ಎತ್ತಿದಾಗ ಅವನು ಟೋಪಿಯನ್ನು ಎದೆಗೊತ್ತಿಕೊಂಡು, ಪರದೆ ಎಳೆದ ಕಿಟಕಿಯ ಕಡೆಗೆ ತಿರುಗಿ, ಹೊರಗಿನದೇನನ್ನೋ ನೋಡುವವನಂತೆ ನಿಂತ.